ಮಂಜಿನೊಳಗೆ ಕೂಗಿದ ಹೆಸರು

ಈ ಪರದೇಶದ ಫ್ಲ್ಯಾಟ್ ಬುಷ್ ಬಡಾವಣೆಯ ಮನೆಯಿಂದ ನಸುಕಿನಲ್ಲೇ ಹೊರಟು, ಮರಗಳಿಗೆ ರೋಗ ಹರಡದ ಹಾಗೆ ಕಾಡಿನ ಬಾಗಿಲಲ್ಲಿ ಬೂಟು ಉಜ್ಜಿ ತೊಳೆದು, ನಾನೂ ನಮ್ಮೆಜಮಾನರೂ ಏರು ಹತ್ತಿದ್ದೆವು. ಆ ಬೆಟ್ಟದ ನೆತ್ತಿಯ ಮೇಲೆ ಮೋಡ ಕೂತೇ ಇರುತ್ತದೆ. ಅಲ್ಲಿ ಕೋಕಾಕೊ ಅಂತ ಬೂದು ಬಣ್ಣದ ಹಕ್ಕಿ. ಕೊಕ್ಕಿನ ಕೆಳಗೆ ಜೋತ ನೀಲಿ ತೊಗಲು. ಅದರ ಒಂದು ಒಳ್ಳೆಯ ಫೋಟೊಗಾಗಿ ಇವರು ಎಷ್ಟೋ ಶನಿವಾರ ಅಲೆದಿದ್ದರು.

ಇಳಿಜಾರಿನ ಕೆಳಗಿನಿಂದ ಅದರ ಕೊಳಲಿನಂಥ ಕೂಗು ಬಂತು.

"ಚೀಲ ನೋಡ್ಕೋ, ಇಲ್ಲೇ ಇರು. ಬಾಯಿ ಬಿಡಬೇಡ ಕಣೇ, ಹೋದ್ಸಲ ನಿನ್ನ ಸೀನಿಗೇ ಹಾರೋಯ್ತು."

"ದಾರಿ ಬಿಟ್ಟು ಹೋಗ್ಬೇಡಿ ರೀ."

"ಗುರುತು ಹೊಡೆದಿದಾರಲ್ಲ," ಅಂತ ಮರಕ್ಕೆ ಬಡಿದಿದ್ದ ಗುಲಾಬಿ ತ್ರಿಕೋನ ತೋರಿಸಿ ಇಳಿದರು.

ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತೆ. ಮಂಜು ಇಳಿಯಿತು. ಎದುರಿನ ಜರಿಗಿಡ ಮಾಯವಾಯಿತು, ಆಮೇಲೆ ಕಾಲುದಾರಿ. ನಾನು ಒರಗಿದ್ದ ಮರದ ಗುರುತು ಮಾತ್ರ ಕಾಣುತ್ತಿತ್ತು. ಕಿತ್ತಳೆ ಬಣ್ಣದ್ದು. ನಡೆಯುವವರಿಗೆ ಕಿತ್ತಳೆ; ಗುಲಾಬಿ, ಹಕ್ಕಿಮೊಟ್ಟೆ ತಿನ್ನುವ ಇಲಿ-ಪಾಸಮ್‌ಗಳಿಗೆ ವಿಷ ಇಡುವವರಿಗೆ. ಆ ವಿಷದವರು ಎಂಥ ಕಡಿದಾದ ಜಾಗದಲ್ಲೂ ಇಳಿಯುವವರು. ಇವರಿಗೋ ಮಂಡಿನೋವು. ಇವರ ಫೋನು ನೋಡಿದರೆ ಚೀಲದಲ್ಲೇ ಇದೆ.

ಕೂಗಲೇ? ಹಕ್ಕಿ ಹಾರಿಹೋದರೆ? ಅಷ್ಟು ಭಯದಲ್ಲೂ ಅದನ್ನೇ ಯೋಚಿಸಿದೆ. ಕೆಳಗೆಲ್ಲೋ ಕೊಂಬೆ ಮುರಿದು, ಕಲ್ಲು ಉರುಳಿತು. ಉರುಳುತ್ತಲೇ ಹೋಯಿತು.

"ರೀ!" ಅಂದೆ. ಒದ್ದೆ ಹತ್ತಿಯೊಳಗೆ ಕೂಗಿದ ಹಾಗಾಯಿತು. "ರೀ! ರೀ!"

ಮದುವೆಯಾದಾಗಿನಿಂದ ಅವರನ್ನು ಕರೆದದ್ದೇ ಹೀಗೆ. ಇಲ್ಲಿಯ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೂ ಬರೆದು ತೋರಿಸುತ್ತೇನೆ, ಮಗಳು ನಗುತ್ತಾಳೆ. ಎದ್ದು ನಿಂತು, ಗಂಟಲು ಹರಿಯುವ ಹಾಗೆ ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ.

"ಯಾರದು, ನಮ್ಮಮ್ಮನಾ?" ನಾನು ನೋಡುತ್ತಿದ್ದ ಕಡೆಯಿಂದಲ್ಲ, ಬೆನ್ನ ಹಿಂದಿನ ಇಳಿಜಾರಿನಿಂದ. ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅತ್ತೆಯೊಬ್ಬರೇ; ಆ ಹೊತ್ತಲ್ಲೂ ತಮಾಷೆ.

"ಎಲ್ಲಿದ್ದೀರಿ?"

"ಕಾಲ ಕೆಳಗೆ ನೆಲ ಕಾಣ್ತಿಲ್ಲ ಕಣೇ. ಬೇರು ಹಿಡ್ಕೊಂಡಿದೀನಿ. ನಿಲ್ಲಿಸ್ಬೇಡ, ಕೂಗ್ತಾ ಇರು. ಆ ದಿಕ್ಕಿಗೇ ಹತ್ತುತೀನಿ."

ಕೂಗುತ್ತಲೇ ಇದ್ದೆ. ಅವರ 'ಓ' ಹತ್ತಿರವಾಗುವುದು, ನಿಂತುಬಿಡುವುದು. ನಿಂತಾಗಲೆಲ್ಲ ಇನ್ನೂ ಜೋರಾಗಿ ಕೂಗುವೆ. ಕೊನೆಗೆ ಮಂಜಿನಿಂದ ಕ್ಯಾಮೆರಾ ಸ್ಟ್ಯಾಂಡಿನ ಕಾಲು ಬಂತು, ಆಮೇಲೆ ಕೆಸರಾದ ಕೈ. ಹಿಡಿದು ಎಳೆದೆ.

"ಹಕ್ಕಿ?"

"ನಿನ್ನ ಮೊದಲನೇ ಕೂಗಿಗೇ ಹೋಯ್ತು," ಅಂದರು. ಬೈಯಲಿಲ್ಲ.

ಡಬ್ಬಿಯ ಮುಚ್ಚಳ ತೆಗೆಯಲು ಹೋದೆ, ಬರಲಿಲ್ಲ. ಅವರು ಇಸಿದುಕೊಂಡರು, ಅವರಿಂದಲೂ ಆಗಲಿಲ್ಲ. ಹಾಗೇ ಚೀಲಕ್ಕೆ ಹಾಕಿ, ಕಿತ್ತಳೆ ಗುರುತುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟುತ್ತ ಇಳಿದೆವು.