ಕಂಬಳಿ ಕಟ್ಟದ ಶನಿವಾರ

ಹಂದಿ ಅರಚಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಯಲ್ಲಾಪುರದಾಚೆಯ ಆ ಕೇರಿಯವರಿಗೆ ಮಾತ್ರ ಹಂದಿ ಅರಚದಿರುವುದೇ ಭಯ. “ಬಸ್ತ್ಯಾಂವ ಸಿದ್ದಿಯ ಕೈಯಲ್ಲಿ ಮಂತ್ರ ಇದೆ” ಎನ್ನುತ್ತಿದ್ದರು. ಶನಿವಾರ ಹಂದಿ ಕಡಿಯುವಾಗಲೂ ಅವನ ಹಿತ್ತಿಲಿನಿಂದ ಒಂದು ಸೊಲ್ಲೂ ಇಲ್ಲ. ಭಾನುವಾರ ಇಗರ್ಜಿಯಿಂದ ಬರುವಷ್ಟರಲ್ಲಿ ಹಲಸಿನ ಕೊಂಬೆಯಲ್ಲಿ ಮಾಂಸ ತೂಗುತ್ತಿರುತ್ತಿತ್ತು.

“ಕೂಗಿದ್ರಾದ್ರೂ ಸತ್ತದ್ದು ಗೊತ್ತಾಗ್ತದೆ ಮಾರಾಯ್ತಿ, ಇದೆಂತ ಇದು?” ಎಂದು ಬೇಲಿಯಾಚೆಯ ದೇವಕ್ಕ ಅವನ ಹೆಂಡತಿ ಲುಸಿನಳನ್ನು ಕೇಳುವಳು. ಲುಸಿನ ನಕ್ಕು ಒಳಗೆ ಹೋಗುವಳು.

ಮಂತ್ರವೆಂತದೂ ಇರಲಿಲ್ಲ. ಅಪ್ಪನ ಕಾಲದ ಕರಿ ಕಂಬಳಿಯೊಂದಿತ್ತು. ಉಳಿದ ಹಂದಿಗಳಿದ್ದ ಗೂಡಿಗೂ ಹಲಸಿನ ಮರಕ್ಕೂ ನಡುವೆ ಅದನ್ನು ಕಟ್ಟದೆ ಬಸ್ತ್ಯಾಂವ ಕೊಡಲಿ ಮುಟ್ಟಿದವನಲ್ಲ. ಒಂದರ ಸಾವನ್ನು ಇನ್ನೊಂದು ಕಾಣಬಾರದು. ಮೊದಲು ಹಂದಿಯ ನಾಲಿಗೆ ಎತ್ತಿ ಅಡಿಯಲ್ಲಿ ಬೆರಳಾಡಿಸುವನು. ಅಕ್ಕಿಕಾಳಿನಂಥ ಗಂಟು ಸಿಕ್ಕಿತೋ, ಮಾಂಸದಲ್ಲಿ ಹುಳ ಇದೆಯೆಂದೇ ಲೆಕ್ಕ, ಯಾರ ಎಲೆಗೂ ಹೋಗಕೂಡದು. ಗಂಟಿಲ್ಲವೆಂದಾದರೆ ಹೊಟ್ಟೆ ಕೆರೆಯುವನು. ಅದು ಸುಖಕ್ಕೆ ಕಣ್ಣು ಮುಚ್ಚಿ ಅಡ್ಡಾದಾಗ ಕೊಡಲಿಯ ಹಿಂಬದಿಯಿಂದ ಹಣೆಗೆ ಒಂದೇ ಪೆಟ್ಟು. ಕತ್ತಿ ಆಮೇಲೆ.

ಒಂದು ಶನಿವಾರ ಲುಸಿನಳ ತಮ್ಮ ಕೈತಾನ ಮಗಳ ಮದುವೆಗೆಂದು ಪೇಟೆಯ ಗಟಾರದಲ್ಲಿ ಮೇಯುವ ಹಂದಿಯೊಂದನ್ನು ಹಿಡಿದು ತಂದ. ಬಸ್ತ್ಯಾಂವನ ಬೆರಳಿಗೆ ಗಂಟು ಸಿಕ್ಕಿತು.

“ಇದು ಆಗೂದಿಲ್ಲ. ಹೂತುಬಿಡುವ.”

“ಭಾವ, ಚಪ್ಪರ ಹಾಕಿ ಆಯ್ತು! ಖಾರ ಜಾಸ್ತಿ ಹಾಕಿದ್ರೆ ಹುಳ ಬದುಕ್ತದ?”

“ಬದುಕಿದ್ರೆ ನಿನ್ನ ಮಗಳ ಹೊಟ್ಟೇಲಿ ಬದುಕ್ತದೆ.”

“ಹಂಗಾರೆ ಬಿಡಿ, ನಾನೇ ಕಡಿತೇನೆ” ಎಂದು ಕೈತಾನ ಹಗ್ಗ ಎಳೆದ. ಹೊರಗೆ ಹೋದರೆ ಅದು ಮದುವೆಯ ಎಲೆಗೇ ಬೀಳುತ್ತದೆ. ಬಸ್ತ್ಯಾಂವ ನಿಂತಲ್ಲೇ ಕೊಡಲಿ ಎತ್ತಿದ. ಕಂಬಳಿ ಬೇಲಿಯ ಮೇಲೆ ಮಡಚಿದ ಹಾಗೇ ಇತ್ತು. ಕೋಪದ ಕೈ ಜಾರಿತು. ಅವನ ಹಿತ್ತಿಲಿನಲ್ಲಿ ಮೊದಲ ಸಲ ಹಂದಿ ಅರಚಿತು. ಬಹಳ ಹೊತ್ತು ಅರಚಿತು.

ಕೈತಾನ ಬಯ್ಯುತ್ತ ಕೋಳಿ ಹುಡುಕಿಕೊಂಡು ಹೋದ. ಸತ್ತ ಹಂದಿಯನ್ನು ಹೊಂಡಕ್ಕೆ ಹಾಕಿ ಸುಣ್ಣ ಸುರಿದು, ಮಣ್ಣು ಮುಚ್ಚಿ ಬಸ್ತ್ಯಾಂವ ತಿರುಗಿದರೆ, ಗೂಡಿನ ನಾಲ್ಕೂ ಹಂದಿಗಳು ಹೆಗಲಿಗೆ ಹೆಗಲು ತಾಗಿಸಿ ನಿಂತು ಅವನನ್ನೇ ನೋಡುತ್ತಿದ್ದವು.

ಅಂದಿನಿಂದ ಅವು ಗಂಜಿಯ ಮರಿಗೆಗೆ ಮೂತಿ ಹಾಕಲಿಲ್ಲ. ಮರುದಿನ ಬೆಳಿಗ್ಗೆ ಅವನು ಕಂಬಳಿ ಕಟ್ಟಿ ಹಿಂದೆ ನಿಂತ. ಎಡಕ್ಕೆ ಸರಿದರೆ ಕಂಬಳಿಯಾಚೆ ನಾಲ್ಕು ಮೂತಿ ಎಡಕ್ಕೆ ಸರಿದವು. ಮನೆಯೊಳಗೆ ಮಲಗಿದರೆ, ಅವನು ಒರಗಿದ ಗೋಡೆಯತ್ತಲೇ ಅವುಗಳ ಮುಖ. ಕೂಗಿಲ್ಲ, ಗುಟುರಿಲ್ಲ. ಕೇರಿಯವರು ಇಷ್ಟು ವರ್ಷ ಹೆದರಿದ್ದ ಮೌನ ಈಗ ಅವನ ತಲೆದಿಂಬಿಗೇ ಬಂದು ಕೂತಿತು.

“ನೀವು ಸಂತೆಗೆ ಹೋದಾಗ ತಿಂತವೆ. ನಿಮ್ಮ ಕೆಮ್ಮು ಕೇಳಿದ್ರೆ ಬಿಡ್ತವೆ” ಎಂದಳು ಲುಸಿನ, ಅವನ ಮುಖ ನೋಡದೆ.

ಹಂದಿಗಳ ಪಕ್ಕೆಲುಬು ಕಾಣತೊಡಗಿತು.

“ಮಾರಿಬಿಡಾ ಬಸ್ತ್ಯಾಂವಣ್ಣ, ನಮಗೂ ನಿದ್ದೆ ಇಲ್ಲ” ಎಂದಳು ದೇವಕ್ಕ.

“ಹೆದರಿದ್ದನ್ನ ಇನ್ನೊಬ್ಬನ ಕತ್ತಿಗೆ ಕೊಡೂದು ಹೇಗೆ ದೇವಕ್ಕ? ಹೆದರಿಸಿದವ ನಾನು.”

ಹಳಿಯಾಳದ ಕಡೆ ಅವನ ಅಣ್ಣನ ಮನೆಯಿತ್ತು. ಒಂದು ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ, ಕಂಬಳಿಯನ್ನು ಲುಸಿನಳ ಕೈಗಿಟ್ಟ. “ಇವು ಇರೂವರೆಗೆ ನಾನು ಬರೂದಿಲ್ಲ. ಚಳಿ ಬಿದ್ರೆ ಇದನ್ನ ಇವಕ್ಕೆ ಹೊದಿಸು.”

ಅಂಗಳ ದಾಟುವಾಗ ಬೇಲಿಯುದ್ದಕ್ಕೂ ನಾಲ್ಕು ಮೂತಿ ಅವನ ಜೊತೆಗೇ ತಿರುಗಿದವು. ಹಕ್ಕಿಯೂ ಉಲಿಯಲಿಲ್ಲ. ತಿರುವಿನಲ್ಲಿ ಅವನು ನಿಂತ. ಕೆಮ್ಮು ಬಂತು, ಬಾಯಿಗೆ ಕೈ ಒತ್ತಿ ನುಂಗಿಕೊಂಡ.

ಹಿಂದೆ, ಮರಿಗೆಯಲ್ಲಿ ಲೊಚಲೊಚ ಸದ್ದು ಶುರುವಾಯಿತು.

ಅವನು ತಿರುಗಿ ನೋಡದೆ, ಹೆಜ್ಜೆ ಸಪ್ಪಳವಾಗದ ಹಾಗೆ, ರಸ್ತೆಯತ್ತ ಇಳಿದ.