ರೆಪ್ಪೆಯ ಮಡಿಕೆ

ನಿಜಾಮರ ಕಾಲ. ರೆಪ್ಪೆಗೂದಲು ಒಳಕ್ಕೆ ತಿರುಗಿ ನನ್ನ ಕಣ್ಣು ಚುಚ್ಚುತ್ತಿತ್ತು. ಮಾವನವರೇ ಕುಷ್ಟಗಿಯಿಂದ ಕೊಪ್ಪಳದ ದವಾಖಾನೆಗೆ ಕರೆತಂದರು. ಕೊಯ್ಯುವ ಮೊದಲು ರೆಪ್ಪೆಯ ಮೇಲೆ ಶಾಯಿಯಿಂದ ಗೆರೆ ಎಳೆಯಲು ಕೂತ ಡಾಕ್ಟರು, “ಕಣ್ಣೆತ್ತಿ ನೋಡವಾ. ಮಡಿಕಿ ಎಲ್ಲಿ ಬೀಳತೈತೋ ಅಲ್ಲೇ ಹೊಲಿಬೇಕು. ಇಲ್ಲಾಂದ್ರ ತ್ಯಾಪಿ ಹಚ್ಚಿದಂಗ ಕಾಣತೈತಿ” ಅಂದರು.

ಎದುರಿಗೆ ಮಾವನವರು ನಿಂತಿದ್ದರು. ನಾನು ಕಣ್ಣೆತ್ತಲಿಲ್ಲ. ಡಾಕ್ಟರು ಗದರಿದರೂ ಎತ್ತಲಿಲ್ಲ.

ಕಡೆಗೆ ಮಾವನವರೇ, “ನನ್ನ ಮಾರಿ ನೋಡವಾ” ಅಂದರು.

ಮದುವೆಯಾಗಿ ನಾಲ್ಕು ವರ್ಷ ಅವರ ಪಾದಗಳನ್ನಷ್ಟೇ ಕಂಡಿದ್ದೆ. ಅದನ್ನೇ ಗೌರವ ಅಂದುಕೊಂಡಿದ್ದೆ, ಹುಚ್ಚಿ! ಅಂದು ನೋಡಿದರೆ ಅವರ ರೆಪ್ಪೆಗಳೂ ನನ್ನವುಗಳಂತೆಯೇ ಒಳಕ್ಕೆ ತಿರುಗಿದ್ದವು. ಕೆಂಪಾದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು.

“ಮೊದಲ ಇವರಿಗೆ ಮಾಡ್ರಿ” ಅಂದೆ. ಅವರೆದುರು ನಾನಾಡಿದ ಮೊದಲ ಮಾತು ಅದು.