ದಣಿವಾಯಿತೇ ಎಂದು ಕೇಳುತ್ತಿದ್ದವನು

ಲಂಡನ್ನಿನ ಹೌನ್ಸ್ಲೋದಲ್ಲಿ ನನ್ನ ಕೂದಲು ಕತ್ತರಿಸುತ್ತಿದ್ದವನು ಅಲ್ಬೇನಿಯಾದವನು. ಕುರ್ಚಿಯಲ್ಲಿ ಕೂತವರನ್ನೆಲ್ಲ ಮೊದಲು ಕೇಳುತ್ತಿದ್ದುದು ಒಂದೇ ಮಾತು: “ಆರ್ ಯೂ ಟಯರ್ಡ್?” ಗಿರಾಕಿಗಳು ಗಾಬರಿಯಿಂದ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಮೊದಲ ಸಲ ನಾನೂ ನೋಡಿಕೊಂಡೆ.

“ನಮ್ಮ ಭಾಷೇಲಿ ಅದು ನಮಸ್ಕಾರ ಇದ್ದ ಹಾಗೆ, ಬಾಸ್. ‘ಇಲ್ಲ, ನೀನು?’ ಅನ್ಬೇಕು, ಅಷ್ಟೆ,” ಎಂದು ನಕ್ಕ.

“ನಮ್ಮಲ್ಲಿ ಊಟ ಆಯ್ತಾ ಅಂತೀವಿ.”

“ಹಾಗಾದ್ರೆ ನೀವು ಹೊಟ್ಟೆಬಾಕರು, ನಾವು ಕೂಲಿಯವರು.”

ಅಂದಿನಿಂದ ಅದೇ ಕ್ರಮ. ಅವನು ಕೇಳುವುದು, ನಾನು “ಇಲ್ಲ, ನೀನು?” ಅನ್ನುವುದು, ಅವನು “ಇಲ್ಲ, ಇಲ್ಲ” ಅನ್ನುವುದು.

ಚಳಿಗಾಲದಲ್ಲಿ ಊರಿನಲ್ಲಿ ಅವನ ತಾಯಿ ಹಾಸಿಗೆ ಹಿಡಿದರು. ವೀಸಾದ ತೀರ್ಮಾನ ಬಂದಿರಲಿಲ್ಲ. ಈಗ ಹೊರಟರೆ ಮರಳಿ ಬರುವಂತಿರಲಿಲ್ಲ. ಅವನು ಕಾಯುತ್ತಿದ್ದ.

ಮಾರ್ಚ್‌ನ ಒಂದು ಶನಿವಾರ ಏನನ್ನೂ ಕೇಳದೆ ನನಗೆ ಬಟ್ಟೆ ಹೊದಿಸಿದ. “ಬೆಳಿಗ್ಗೆ ಅಮ್ಮನ್ನ ಮಣ್ಣು ಮಾಡಿದ್ರು. ಫೋನಲ್ಲಿ ನೋಡಿದೆ,” ಎಂದ.

ಈ ಸಲ ನಾನೇ ಕೇಳಿದೆ: “ಆರ್ ಯೂ ಟಯರ್ಡ್?”

“ಹೌದು,” ಎಂದ. ಕತ್ತರಿ ಕೆಳಗಿಟ್ಟು ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತ. ಅವನು ಕುಳಿತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.